ಸೋಮವಾರದ ಸೊಲ್ಲು, ಮಂಗಳವಾರದ ಟ್ಯೂಬು

ಮೊನ್ನೆ ಹೊಸದಾಗಿ ಕೆಲಸಕ್ಕೆ ಸೇರಿದ ಹುಡುಗಿಯೊಬ್ಬಳು ನನ್ನನ್ನು ಹುಡುಕಿಕೊಂಡು ಮನೆಗೆ ಬಂದಿದ್ದಳು. ದನಗಳ ರೋಗ ತಪಾಸಣೆ ಮಾಡುವ ಪ್ರಯೋಗಾಲಯದಲ್ಲಿ ಅವಳಿಗೆ ಕೆಲಸ. ನಾನು ನಿವೃತ್ತಿಯವರೆಗೆ ಮಾಡಿದ್ದೂ ಅದನ್ನೇ. ಕಾಫಿ ಕುಡಿಯುತ್ತಾ ವರ್ಗಾವಣೆ, ರಜೆ, ಮೇಲಧಿಕಾರಿಗಳ ಸ್ವಭಾವ ಎಲ್ಲ ಕೇಳಿ ಮುಗಿಸಿದಳು. ಕೊನೆಗೆ ಬಾಗಿಲಲ್ಲಿ ನಿಂತು ಚಪ್ಪಲಿ ಮೆಟ್ಟುತ್ತಾ, "ಮೇಡಂ, ನಾನು ಒಂದು ಗುಂಪಿನಲ್ಲಿ ಹಾಡ್ತೀನಿ. ಇನ್ನು ಅದನ್ನ ಬಿಟ್ಟುಬಿಡಬೇಕಾಗುತ್ತಾ?" ಅಂದಳು. ಅವಳು ಕೇಳಲು ಬಂದದ್ದೇ ಅದನ್ನು ಅಂತ ಆಗ ಗೊತ್ತಾಯಿತು. ಬಿಡಬೇಡ ಅಂದೆ. ಯಾಕೆ ಅಂತ ಹೇಳುವಷ್ಟರಲ್ಲಿ ಅವಳ ಬಸ್ಸಿಗೆ ಹೊತ್ತಾಗಿತ್ತು. ಹೇಳದೆ ಉಳಿದದ್ದನ್ನು ಇಲ್ಲಿ ಬರೆಯುತ್ತಿದ್ದೇನೆ.

ನಾನು ಕೆಲಸ ಮಾಡಿದ್ದು ಕಡೂರಿನಲ್ಲಿ, ಸಂಸಾರ ಮಾಡಿದ್ದು ಶಿವನಿಯಲ್ಲಿ. ನಮ್ಮವರು ಶಿವನಿಯಲ್ಲಿ ಗಣಿತದ ಮೇಷ್ಟ್ರು. ಅವರಿಗೆ ವರ್ಗ ಸಿಗಲಿಲ್ಲ, ನನಗೆ ವರ್ಗ ಕೇಳುವ ಧೈರ್ಯವಿರಲಿಲ್ಲ. ಹಾಗಾಗಿ ರೈಲೇ ಗತಿಯಾಯಿತು. ಬೆಳಗಿನ ಪ್ಯಾಸೆಂಜರಿನಲ್ಲಿ ಅಜ್ಜಂಪುರ, ಬೀರೂರು ದಾಟಿ ಕಡೂರು. ಸಂಜೆ ಅದೇ ದಾರಿಯಲ್ಲಿ ವಾಪಸ್ಸು. ಕಡೂರಿನಲ್ಲಿ ನಾನು ಮೇಡಂ, ಶಿವನಿಯಲ್ಲಿ ಮೇಷ್ಟ್ರಮ್ಮ. ವಿಶಾಲಾಕ್ಷಿ ಎಂಬ ನನ್ನ ಹೆಸರು ಹಾಜರಿ ಪುಸ್ತಕದಲ್ಲಿ ಮಾತ್ರ ಇತ್ತು.

ಎಪ್ಪತ್ತರ ದಶಕದ ನಡುವೆ ನಾನು ಎಂ.ಎಸ್ಸಿ. ಮುಗಿಸಿ ಸೇರಿದಾಗ ನಮ್ಮ ಪ್ರಯೋಗಾಲಯ ಎಂದರೆ ಹೆಂಚಿನ ಮನೆಯೊಂದರ ಎರಡು ಕೋಣೆ. ಒಂದರಲ್ಲಿ ಮೈಕ್ರೋಸ್ಕೋಪು, ಇನ್‌ಕ್ಯುಬೇಟರು, ಕರೆಂಟು ಹೋದಾಗಲೆಲ್ಲ ಬೆವರುವ ಒಂದು ಫ್ರಿಜ್ಜು. ಇನ್ನೊಂದರಲ್ಲಿ ಗಾಜು ತೊಳೆಯುವ ತೊಟ್ಟಿ. ಮೊದಲ ಮೂರು ತಿಂಗಳು ಶೇಷಗಿರಿ ಸಾಹೇಬರು ನನ್ನನ್ನು ಆ ತೊಟ್ಟಿಯ ಮುಂದೆಯೇ ನಿಲ್ಲಿಸಿದರು. ಅವರು ನಮ್ಮ ಮುಖ್ಯಸ್ಥರು, ಮೂಗಿನ ತುದಿಯಲ್ಲಿ ಕನ್ನಡಕ, ಮಾತು ಕಡಿಮೆ. ನಾನು ತೊಳೆದ ಟ್ಯೂಬನ್ನು ಬೆಳಕಿಗೆ ಹಿಡಿದು, "ಇದರಲ್ಲಿ ನಿಮ್ಮ ಸಾರಿನ ಒಗ್ಗರಣೆ ಕಾಣುತ್ತೆ" ಎಂದು ವಾಪಸು ಕೊಡುತ್ತಿದ್ದರು. ಆಗ ಅಳು ಬರುತ್ತಿತ್ತು. ಸೋಪಿನ ಒಂದು ಪದರ ಉಳಿದರೂ ಪರೀಕ್ಷೆ ಕೆಡುತ್ತದೆ ಎಂದು ಆಮೇಲೆ ಅರ್ಥವಾಯಿತು. ಇವತ್ತಿಗೂ ನಮ್ಮನೆಯ ಲೋಟಗಳನ್ನು ನೋಡಿ ನೆಂಟರು ಬೆರಗಾಗುತ್ತಾರೆ.

ಆಗ ದ್ರಾವಣಗಳನ್ನು ಪಿಪೆಟ್ಟಿನಲ್ಲಿ ಬಾಯಿಂದಲೇ ಎಳೆಯಬೇಕಿತ್ತು. ಉಸಿರಿನ ಮೇಲೆ ಹಿಡಿತವಿದ್ದವರಿಗೆ ಅಳತೆಯ ಗೆರೆ ಸರಿಯಾಗಿ ಸಿಗುತ್ತದೆ. ನನಗೆ ಸಿಗುತ್ತಿತ್ತು. ಒಂದು ದಿನ ಸಾಹೇಬರು, "ಎಲ್ಲಿ ಕಲಿತ್ರಿ?" ಎಂದರು. "ಭಜನೆಯಲ್ಲಿ ಸಾರ್" ಎಂದೆ. "ಭಜನೆ ಮಾಡೋಕೆ ಎಂ.ಎಸ್ಸಿ. ಬೇಕಿತ್ತಾ?" ಎಂದರು. ಅದೇ ವಾರ ನಾನು ಏನನ್ನೋ ಗುನುಗಿಕೊಂಡು ಎಳೆಯಲು ಹೋಗಿ ಬಾಯಿತುಂಬ ದ್ರಾವಣ ಎಳೆದುಬಿಟ್ಟೆ. ಸತ್ತ ರೋಗಾಣುಗಳ ದ್ರಾವಣ, ಪ್ರಾಣಕ್ಕೆ ಅಪಾಯವಿರಲಿಲ್ಲ, ಆದರೆ ಮಧ್ಯಾಹ್ನದ ಊಟ ಸೇರಲಿಲ್ಲ. ಈಗ ಅದಕ್ಕೆಲ್ಲ ರಬ್ಬರ್ ಬುರುಡೆ ಬಂದಿದೆ. ಬಾಯಲ್ಲಿ ಎಳೆಯುತ್ತಿದ್ದೆವು ಎಂದರೆ ಈಗಿನವರು ನನ್ನನ್ನು ಹುಚ್ಚಿಯನ್ನು ನೋಡಿದಂತೆ ನೋಡುತ್ತಾರೆ.

ಕ್ಯಾಂಪುಗಳ ಕಥೆ ಬೇರೆ. ಎಮ್ಮೆದೊಡ್ಡಿಯ ಕಾವಲಿಗೆ, ಅಂದರೆ ದನ ಮೇಯುವ ಹುಲ್ಲುಗಾವಲಿಗೆ, ಮೊದಲ ಸಲ ರಕ್ತದ ಸ್ಯಾಂಪಲ್ಲಿಗೆ ಹೋದಾಗ ಅಮೃತಮಹಲ್ ದನಗಳು ನನ್ನನ್ನು ಕಂಡ ಕೂಡಲೇ ಬಾಲ ಎತ್ತಿ ದಿಕ್ಕಾಪಾಲಾದವು. ದನ ಕಾಯುವವನು ತಲೆ ಕೆರೆದುಕೊಂಡು, "ಬೇಜಾರು ಮಾಡ್ಕೋಬ್ಯಾಡಿ ಮೇಡಮ್ಮೋರೆ, ಅವಕ್ಕೆ ಸೀರೆ ಗುರ್ತಿಲ್ಲ" ಎಂದ. ತನ್ನ ಕಂಬಳಿಯನ್ನೇ ನನಗೆ ಹೊದಿಸಿದ. ಕಂಬಳಿಯ ವಾಸನೆಯಲ್ಲಿ ನನಗೆ ತಲೆ ಸುತ್ತಿತು, ದನಗಳು ಮಾತ್ರ ಸಮಾಧಾನವಾಗಿ ಕೊರಳು ಕೊಟ್ಟವು. ತರೀಕೆರೆ ಕಡೆಯ ಒಂದು ಕ್ಯಾಂಪಿನಲ್ಲಿ ಇನ್ನೊಂದು ಎಡವಟ್ಟು. ಬಾಟಲಿಗಳ ಮೇಲೆ ಹಸುವಿನ ಹೆಸರು ಬರೆದರೆ ಸಾಕು ಎಂದುಕೊಂಡು ಬರೆದು ತಂದೆ. ಕಡೂರಿಗೆ ಬಂದು ನೋಡಿದರೆ ಹನ್ನೊಂದು ಬಾಟಲಿಗಳ ಮೇಲೆ 'ಕೆಂಪಿ' ಎಂದಿತ್ತು. ಸಾಹೇಬರು ನನ್ನನ್ನು ಮಾರನೇ ದಿನ ಅದೇ ಊರಿಗೆ ವಾಪಸು ಕಳಿಸಿದರು. ಕೆಂಪಿಯರ ಯಜಮಾನರೆಲ್ಲ ಸಾಲಾಗಿ ನಿಂತು ನಕ್ಕರು.

ಇನ್ನು ಹಾಡಿನ ವಿಷಯ. ಶಿವನಿಯಲ್ಲಿ ಪ್ರತಿ ಸೋಮವಾರ ಸಂಜೆ ಈಶ್ವರನ ಗುಡಿಯ ಪಡಸಾಲೆಯಲ್ಲಿ ಹೆಂಗಸರ ಮೇಳ ಸೇರುತ್ತಿತ್ತು. ಹದಿನೈದು ಇಪ್ಪತ್ತು ಜನ, ಒಂದು ದಮ್ಮಡಿ, ಒಂದು ಜೊತೆ ತಾಳ. ಒಬ್ಬಳು ಸಾಲು ಎತ್ತುತ್ತಾಳೆ, ಉಳಿದವರು ಅದೇ ಸಾಲನ್ನು ತಿರುಗಿ ಹೇಳುತ್ತಾರೆ. ಹಾಗೆ ತಿರುಗಿ ಹೇಳುವುದಕ್ಕೆ ಸೊಲ್ಲು ಕೊಡುವುದು ಎನ್ನುತ್ತಾರೆ. ಎತ್ತುವವಳು ಗೌರಕ್ಕ. ನನಗಿಂತ ಹತ್ತು ವರ್ಷ ದೊಡ್ಡವಳು, ಎರಡು ಹಸು, ಒಂದಿಷ್ಟು ತೆಂಗಿನ ಮರ, ಮಕ್ಕಳಿಲ್ಲ. ಗಂಡ ತೀರಿಹೋಗಿ ಅತ್ತೆ ಸಿದ್ದಜ್ಜಿಯ ಜೊತೆ ಇದ್ದಳು. ಓದು ಬಾರದು, ಆದರೆ ನೂರಾರು ಪದ ಬಾಯಲ್ಲಿ. ಅವಳು ಬಾಯಿ ತೆರೆದರೆ ರೈಲ್ವೆ ಗೇಟಿನವನು ಬಾಗಿಲಿಗೆ ಬಂದು ನಿಲ್ಲುತ್ತಿದ್ದ.

ನಾನು ಶಾಲೆಯಲ್ಲಿ ಬಹುಮಾನ ತೆಗೆದುಕೊಂಡ ಗಂಟಲಿನವಳು. ಮೊದಲ ಸೋಮವಾರ ಒಂದೇ ಸಾಲನ್ನು ನಾಲ್ಕು ಸಂಗತಿ ಹಾಕಿ, ಬಳುಕಿಸಿ ಹಾಡಿ ತೋರಿಸಿದೆ. ಗೌರಕ್ಕ ಪದ ನಿಲ್ಲಿಸಿದಳು.

"ಮೇಷ್ಟ್ರಮ್ಮ, ನಿನ್ ಗಂಟ್ಲು ಚೆಂದಾಗೈತೆ ಕಣೇ. ಆದ್ರೆ ಇಲ್ಲಿ ಯಾರ್ ಗಂಟ್ಲು ಯಾವ್ದು ಅಂತ ಗೊತ್ತಾಗ್ಬಾರ್ದು. ಪಕ್ಕದೋಳ ದನಿ ಕೇಳಿಸ್ಕೋ, ಅದ್ರೊಳಗೆ ಸೇರ್ಕೋ."

"ನೀವು ಅಕಸ್ಮಾತ್ ತಪ್ಪು ಎತ್ತಿದ್ರೆ?"

"ನಾನು ತಪ್ಪೆತ್ತಿದ್ರೂ ನೀವು ಅದನ್ನೇ ಕೊಡ್ಬೇಕು. ಇಲ್ದಿದ್ರೆ ಪದ ಒಡೀತದೆ. ತಪ್ಪೋ ಸರಿಯೋ ಆಮ್ಯಾಕೆ ನೋಡ್ಕಂಡ್ರಾಯ್ತು."

ನನಗೆ ಅದು ಬಲು ಹಿಡಿಸಿತು. ಕಡೂರಿನಲ್ಲಿ ಇಡೀ ದಿನ ಒಬ್ಬಳೇ ಕೂತು ಕಣ್ಣು ಕಿರಿದು ಮಾಡಿಕೊಂಡು ನೋಡುವ ಕೆಲಸ. ಸೋಮವಾರ ಸಂಜೆ ಇಪ್ಪತ್ತು ಜನರ ದನಿಯೊಳಗೆ ನನ್ನ ದನಿಯನ್ನು ಬಿಟ್ಟುಬಿಟ್ಟರೆ ನೀರಿಗೆ ಇಳಿದಷ್ಟು ಸುಖ. ಸಂಜೆಯ ಗಾಡಿ ತಡವಾದರೆ ನಮ್ಮವರು ಸ್ಟೇಷನ್ನಿಗೇ ಸೈಕಲ್ ತಂದು, ಊಟದ ಡಬ್ಬಿಯನ್ನು ಕಸಿದುಕೊಂಡು, "ಹತ್ತು, ನಿಮ್ಮಕ್ಕ ಶುರು ಮಾಡಿ ಆಯ್ತು" ಎಂದು ನನ್ನನ್ನು ಗುಡಿಯ ಮುಂದೆ ಇಳಿಸಿ ಹೋಗುತ್ತಿದ್ದರು. ಅನ್ನಕ್ಕಿಟ್ಟು ಕುಕ್ಕರಿನ ಕೂಗು ಎಣಿಸುವ ಗಣಿತವನ್ನೂ ಅವರೇ ಮಾಡುತ್ತಿದ್ದರು. ಹಾಡು, ಕೆಲಸ ಎರಡನ್ನೂ ಹೇಗೆ ತೂಗಿಸಿದಿರಿ ಎಂದು ಯಾರಾದರೂ ಕೇಳಿದರೆ ಮೊದಲು ಆ ಸೈಕಲ್ಲನ್ನು ನೆನೆಯುತ್ತೇನೆ.

ಮೇಳದ ಕೊನೆಗೆ ತೀರ್ಥ. ಲಿಂಗಕ್ಕೆ ಅಭಿಷೇಕ ಮಾಡಿದ ಹಾಲು. ಆಗಷ್ಟೇ ಕರೆದ ಹಸಿ ಹಾಲೇ ಆಗಬೇಕು, ಒಲೆಯ ಮುಖ ಕಂಡಿರಬಾರದು. ಅದು ಬರುತ್ತಿದ್ದದ್ದು ಗೌರಕ್ಕನ ಹಸು ಬೆಳ್ಳಿಯಿಂದ. ನಮಗೆಲ್ಲ ಒಂದೊಂದು ಉದ್ಧರಣೆ, ಎತ್ತುವವಳಿಗೆ ಮಾತ್ರ ಒಂದು ಲೋಟದ ತುಂಬ. ಗಂಟಲಿಗೆ ಒಳ್ಳೆಯದು ಎಂದು ಹಿಂದಿನಿಂದ ನಡೆದು ಬಂದ ಪದ್ಧತಿ. 'ಹಾಲನ್ನು ಕಾಯಿಸಿ ಕುಡಿಯಿರಿ' ಎಂದು ಕಡೂರಿನ ನಮ್ಮ ಬಾಗಿಲಿಗೆ ದಪ್ಪಕ್ಷರದಲ್ಲಿ ಬೋರ್ಡು ಬರೆದವಳು ನಾನು. ಸೋಮವಾರ ಸಂಜೆ ಕೈಯೊಡ್ಡಿ ಹಸಿ ಹಾಲು ಕುಡಿದು ಕಣ್ಣಿಗೆ ಒತ್ತಿಕೊಂಡವಳೂ ನಾನೇ. ಎರಡೂ ಒಂದೇ ತಲೆಯಲ್ಲಿ ಜಗಳವಾಡದೆ ಎಷ್ಟೋ ವರ್ಷ ಇದ್ದವು.

ಈಗ ಒಂದು ಪರೀಕ್ಷೆಯ ಬಗ್ಗೆ ಹೇಳಲೇಬೇಕು. ದನಗಳಿಗೆ ಕಂದು ಹಾಕುವ ರೋಗವೊಂದಿದೆ. ಗಬ್ಬದ ಹಸು ದಿನ ತುಂಬುವ ಮೊದಲೇ ಕರು ಹಾಕಿಬಿಡುತ್ತದೆ. ಹಸಿ ಹಾಲಿನಿಂದ, ಕಂದು ಬಾಚುವ ಕೈಯಿಂದ ಅದು ಮನುಷ್ಯರಿಗೂ ಹತ್ತುತ್ತದೆ. ಅದನ್ನು ಹಿಡಿಯಲು ದನದ ರಕ್ತದಿಂದ ತೆಗೆದ ತಿಳಿನೀರನ್ನು ಸಾಲು ಟ್ಯೂಬುಗಳಲ್ಲಿ ಹಾಕಿ, ಬೆಳ್ಳಗೆ ಕದಡಿದ ಒಂದು ದ್ರಾವಣ ಬೆರೆಸಿ, ಒಂದು ದಿನ ಬೆಚ್ಚಗೆ ಇಡಬೇಕು. ರೋಗವಿಲ್ಲದಿದ್ದರೆ ಟ್ಯೂಬು ಅಕ್ಕಚ್ಚಿನಂತೆ ಕದಡಿಯೇ ಇರುತ್ತದೆ. ರೋಗವಿದ್ದರೆ ಕದಡು ತಳ ಸೇರಿ ಮೇಲೆ ತಿಳಿಯಾಗುತ್ತದೆ. ಪೂರ್ತಿ ತಿಳಿ, ಪೂರ್ತಿ ಕದಡು ಯಾರ ಕಣ್ಣಿಗಾದರೂ ಕಾಣುತ್ತದೆ. ಅರ್ಧಂಬರ್ಧ ತಿಳಿಯಾದ ಟ್ಯೂಬೇ ತಕರಾರಿನದು.

ಅದಕ್ಕೇ ಇಬ್ಬರು ನೋಡಬೇಕೆಂಬ ನಿಯಮ. ನಾವು ಮಂಗಳವಾರ ನೋಡುತ್ತಿದ್ದೆವು. ಸಾಹೇಬರು ಟ್ಯೂಬನ್ನು ಕಿಟಕಿಯ ಬೆಳಕಿಗೆ ಹಿಡಿದು ಗಟ್ಟಿಯಾಗಿ, "ನೆಗೆಟಿವ್" ಎನ್ನುತ್ತಿದ್ದರು. ನಾನು ನೋಡಿ, "ನೆಗೆಟಿವ್ ಸಾರ್" ಎಂದು ಬರೆದುಕೊಳ್ಳುತ್ತಿದ್ದೆ. ಅವರು "ಪಾಸಿಟಿವ್" ಎಂದರೆ ನಾನೂ "ಪಾಸಿಟಿವ್ ಸಾರ್." ತಾಳ ತಪ್ಪದೆ ನಡೆಯುತ್ತಿತ್ತು. ನಮ್ಮಿಬ್ಬರ ಓದು ಎಂದೂ ಬೇರೆಯಾಗಲಿಲ್ಲ ಎಂದು ಸಾಹೇಬರಿಗೆ ಹೆಮ್ಮೆ, ನನಗೂ ಹೆಮ್ಮೆ. ಸೋಮವಾರ ಕಲಿತದ್ದನ್ನು ಮಂಗಳವಾರ ಮಾಡುತ್ತಿದ್ದೇನೆ ಎಂದು ನನಗೆ ಹೊಳೆಯಲೇ ಇಲ್ಲ.

ಎಂಬತ್ತರ ದಶಕ ಆಗಷ್ಟೇ ಶುರುವಾಗಿತ್ತು. ಬೆಳ್ಳಿ ಒಂದರ ಹಿಂದೆ ಒಂದು ಎರಡು ಸಲ ಕಂದು ಹಾಕಿತು. ಗೌರಕ್ಕ ನನ್ನನ್ನು ಕರೆದು, "ನೋಡೇ, ಏನಾಗೈತೆ ಅಂತ ಪರೀಕ್ಷೆ ಮಾಡ್ಸು" ಎಂದಳು. ನಾನೇ ಮುತುವರ್ಜಿ ವಹಿಸಿ ಊರಿನ ಹದಿನೆಂಟು ದನಗಳ ರಕ್ತ ತೆಗೆಸಿ ಕಡೂರಿಗೆ ಒಯ್ದೆ. ಮಂಗಳವಾರ ಟ್ಯೂಬುಗಳು ತಯಾರಾದವು. ಬೆಳ್ಳಿಯ ಟ್ಯೂಬು ನನ್ನ ಕಣ್ಣಿಗೆ ಸ್ವಲ್ಪ ತಿಳಿಯಾಗಿ ಕಂಡಿತು. ಖಂಡಿತ ಕಂಡಿತು. ಅಷ್ಟರಲ್ಲಿ ಸಾಹೇಬರು "ನೆಗೆಟಿವ್" ಎಂದರು. ನನ್ನ ಬಾಯಿ ತಾನಾಗಿ "ನೆಗೆಟಿವ್ ಸಾರ್" ಎಂದಿತು. ಹೆದರಿ ಹಾಗೆಂದೆನೇ ಎಂದು ಎಷ್ಟೋ ಸಲ ಕೇಳಿಕೊಂಡಿದ್ದೇನೆ. ಹೆದರಿಕೆಯಲ್ಲ, ಅಭ್ಯಾಸ. ಸಂಜೆ ಗಾಡಿ ಇಳಿದವಳೇ ಗೌರಕ್ಕನ ಮನೆಗೆ ಹೋಗಿ ಬೆಳ್ಳಿಗೆ ಏನೂ ಇಲ್ಲ ಎಂದು ಹೇಳಿದೆ. ಅವಳು ನನ್ನ ಬಾಯಿಗೆ ಬೆಲ್ಲ ಹಾಕಿದಳು.

ಐದಾರು ತಿಂಗಳಾಗಿರಬೇಕು. ಗೌರಕ್ಕನಿಗೆ ಜ್ವರ ಹಿಡಿಯಿತು. ಬೆಳಿಗ್ಗೆ ಇರುವುದಿಲ್ಲ, ಸಂಜೆಗೆ ಬರುತ್ತದೆ, ಮೈ ತೊಯ್ದು ಹೋಗುವಷ್ಟು ಬೆವರು, ಸೊಂಟ ಮಂಡಿಯಲ್ಲಿ ನೋವು. ಎರಡು ವಾರ ಬಿಟ್ಟು ಮತ್ತೆ ಹಾಜರು. ಊರಿನ ಡಾಕ್ಟರು ಮಲೇರಿಯಾಕ್ಕೆ ಕೊಟ್ಟರು, ಟೈಫಾಯಿಡ್‌ಗೆ ಕೊಟ್ಟರು. ಯಾವುದಕ್ಕೂ ಬಗ್ಗಲಿಲ್ಲ. ಸಂಜೆಯ ಜ್ವರದಲ್ಲೇ ಸೋಮವಾರ ಬಂದು ಕೂರುತ್ತಿದ್ದಳು. ಅವಳ ದನಿ ವಾರ ವಾರಕ್ಕೂ ಇಳಿಯಿತು. ಅವಳು ಇಳಿದಳು ಎಂದು ನಾವೂ ಇಳಿದೆವು. ಬೇರೆ ಊರಿನಿಂದ ಬಂದ ನೆಂಟರೊಬ್ಬರು, "ಇದೇನು, ಮೇಳ ಗೊಣಗಿದ ಹಾಗೆ ಕೇಳ್ತದೆ" ಎಂದಾಗಲೇ ನಮಗೆ ಗೊತ್ತಾದದ್ದು. ಹಾಡಲು ಶಕ್ತಿ ಬರಲಿ ಎಂದು ಅವಳಿಗೆ ಲೋಟದ ಬದಲು ಚೊಂಬಿನಲ್ಲಿ ಹಾಲು ಕೊಡಲು ಶುರು ಮಾಡಿದರು. ಮೂರು ಸೋಮವಾರ ಅವಳು ಬರಲೇ ಇಲ್ಲ. ಮನೆಗೆ ಹೋದೆ. ಗೋಡೆಗೆ ಒರಗಿ ಕೂತಿದ್ದಳು, ಕೆನ್ನೆಯ ಮೂಳೆ ಎದ್ದಿತ್ತು. "ದನಿ ಹೋಯ್ತು ಕಣೇ ಮೇಷ್ಟ್ರಮ್ಮ. ಹೋದ್ರೆ ಹೋಗ್ಲಿ, ಮೈಯೂ ಅದರ ಹಿಂದೇನೇ ಹೋಗೋ ಹಂಗೈತೆ" ಎಂದಳು.

ಮಾರನೇ ದಿನ ರೈಲಿನಲ್ಲಿ ಒಂದು ಹಳೆಯ ಪುಸ್ತಕ ತೆರೆದೆ. ಕಂದು ಹಾಕುವ ರೋಗ ಮನುಷ್ಯರಿಗೆ ಬಂದರೆ ಹೇಗಿರುತ್ತದೆ ಎಂಬ ಪುಟ. ಅಲೆಯಂತೆ ಏರಿ ಇಳಿಯುವ ಜ್ವರ, ಸಂಜೆಯ ಬೆವರು, ಕೀಲು ನೋವು. ಪರೀಕ್ಷೆಗೆ ಬಾಯಿಪಾಠ ಮಾಡಿ ಅಂಕ ತೆಗೆದುಕೊಂಡಿದ್ದ ಪುಟವದು. ಬೆಳ್ಳಿಯ ಟ್ಯೂಬು ಕಣ್ಣಿಗೆ ಕಟ್ಟಿತು. ಗಾಡಿ ಬೀರೂರಿನಲ್ಲಿ ನಿಂತಿದ್ದಾಗ ನಾನು ಸೆರಗಿನಲ್ಲಿ ಮುಖ ಮುಚ್ಚಿಕೊಂಡು ಅತ್ತೆ.

ಮುಂದಿನ ಸೋಮವಾರ ತೀರ್ಥಕ್ಕೆ ಕೈಯೊಡ್ಡಲಿಲ್ಲ. ಪುಟ್ಟ ಬಾಟಲಿಯೊಡ್ಡಿದೆ. "ಮೇಷ್ಟ್ರಿಗೆ" ಎಂದು ಸುಳ್ಳು ಹೇಳಿದೆ. ಹಾಲಿಗೆ ಬೇರೆಯದೇ ಒಂದು ಪರೀಕ್ಷೆಯಿದೆ, ಬಲು ಸರಳ. ಬಣ್ಣದ ಒಂದು ಹನಿ ಬೆರೆಸಿ ಬೆಚ್ಚಗಿಟ್ಟರೆ, ರೋಗವಿರುವ ಹಾಲಿನಲ್ಲಿ ಬಣ್ಣವೆಲ್ಲ ಕೆನೆಯ ಜೊತೆ ಮೇಲೇರಿ ಉಂಗುರ ಕಟ್ಟುತ್ತದೆ. ಮಂಗಳವಾರ ಹನ್ನೊಂದು ಗಂಟೆಗೆ ಇಟ್ಟೆ. ಹನ್ನೆರಡಕ್ಕೆ ತೆಗೆದೆ. ಕೆಳಗೆ ಬೆಳ್ಳನೆಯ ಹಾಲು, ಮೇಲೆ ಕಡು ನೇರಳೆ ಉಂಗುರ. ಅದನ್ನು ನೋಡಲು ಎರಡನೆಯ ಕಣ್ಣು ಬೇಕಿರಲಿಲ್ಲ.

ಸಾಹೇಬರ ಮೇಜಿನ ಮೇಲೆ ಇಟ್ಟೆ. "ಯಾರ ಹಾಲು?" ಎಂದರು. ಹೇಳಿದೆ. "ಆ ಹಸು ನೆಗೆಟಿವ್ ಅಲ್ವಾ? ಇಬ್ಬರೂ ನೋಡಿದ್ದೆವಲ್ಲ?"

"ಇಬ್ಬರು ನೋಡಲಿಲ್ಲ ಸಾರ್. ನೀವು ನೋಡಿದಿರಿ, ನಾನು ನೀವು ಹೇಳಿದ್ದನ್ನ ಹೇಳಿದೆ."

ಕನ್ನಡಕ ತೆಗೆದು ನನ್ನನ್ನೇ ನೋಡಿದರು. ಬೈಯುತ್ತಾರೆ ಎಂದುಕೊಂಡೆ. ಹದಿನೆಂಟೂ ದನಗಳ ರಕ್ತ ಮತ್ತೆ ತರಿಸಿದರು. ಈ ಸಲ ನನ್ನದೊಂದು ಕೋರಿಕೆ ಇತ್ತು. ಒಬ್ಬರೂ ಸೊಲ್ಲೆತ್ತಬಾರದು, ಅವರದು ಅವರ ಚೀಟಿಯಲ್ಲಿ, ನನ್ನದು ನನ್ನ ಚೀಟಿಯಲ್ಲಿ ಬರೆಯಬೇಕು, ಕೊನೆಗೆ ಹೋಲಿಸಬೇಕು. ಅವರಿಗೆ ಸಿಟ್ಟು ಬಂತು, ಮುಖ ಕೆಂಪಾಯಿತು. ಆದರೂ ಒಪ್ಪಿದರು. ಬೆಳ್ಳಿ ಎರಡೂ ಚೀಟಿಯಲ್ಲಿ ಪಾಸಿಟಿವ್. ಇನ್ನೆರಡು ದನಗಳ ವಿಷಯದಲ್ಲಿ ನಮ್ಮ ಚೀಟಿಗಳು ಬೇರೆಯಾದವು. ಆರು ವರ್ಷದಲ್ಲಿ ಮೊದಲ ಬಾರಿ.

ಸಾಹೇಬರು ತುಂಬ ಹೊತ್ತು ಆ ಚೀಟಿಗಳನ್ನು ಪಕ್ಕ ಪಕ್ಕ ಇಟ್ಟುಕೊಂಡು ಕೂತರು. "ನಾನು ಇನ್ನೊಂದು ಕಣ್ಣಿದೆಯಲ್ಲ ಅಂತ ಬೇಗ ಬೇಗ ನೋಡ್ತಿದ್ದೆ. ನೀವು ನನ್ನ ಕಣ್ಣಿದೆಯಲ್ಲ ಅಂತ ನೋಡ್ತಾನೇ ಇರಲಿಲ್ಲ" ಎಂದರು. ಆಮೇಲೆ ಹಳೆಯ ರಿಜಿಸ್ಟರು ತೆಗೆಸಿ, ಅನುಮಾನ ಬಂದ ಊರುಗಳಿಗೆಲ್ಲ ಒಂದೊಂದಾಗಿ ಮತ್ತೆ ಕ್ಯಾಂಪು ಹಾಕಿದರು. ಅದಕ್ಕೆ ಒಂದು ವರ್ಷ ಹಿಡಿಯಿತು. ಮೇಲಿನವರಿಗೆ ಪತ್ರ ಬರೆಯುವಾಗ ತಪ್ಪು ತಮ್ಮೊಬ್ಬರದೇ ಎಂದು ಬರೆದರು, ನಮ್ಮಿಬ್ಬರದು ಎಂದೂ ಬರೆಯಲಿಲ್ಲ. ನನ್ನ ಕಾಲದಲ್ಲಿ ನಾನು ಕಂಡ ಅತ್ಯಂತ ದೊಡ್ಡ ಮನುಷ್ಯ ಅವರು. ಅವರು ನಿವೃತ್ತಿಯಾಗುವವರೆಗೂ ನಮ್ಮಲ್ಲಿ ಚೀಟಿ ಪದ್ಧತಿಯೇ ನಡೆಯಿತು. ಆಮೇಲೆ ನಾಲ್ಕೇ ನಿಮಿಷದಲ್ಲಿ ತಟ್ಟೆಯ ಮೇಲೆ ಗುಲಾಬಿ ಚುಕ್ಕೆ ಕಟ್ಟುವ ಪರೀಕ್ಷೆ ಬಂತು. ಚೀಟಿಯನ್ನು ಮಾತ್ರ ನಾನು ಬಿಡಲಿಲ್ಲ.

ಇದೆಲ್ಲ ಕಡೂರಿನ ಮಾತು. ಶಿವನಿಯಲ್ಲಿ ಗೌರಕ್ಕನ ಎದುರು ಕೂತು ಹೇಳಬೇಕಿತ್ತಲ್ಲ, ಅದು ಕಷ್ಟ. ನಮ್ಮವರು ಜೊತೆಗೆ ಬರುತ್ತೇನೆ ಎಂದರು. ಬೇಡ ಎಂದೆ. ಭಾನುವಾರ ಬೆಳಿಗ್ಗೆ, ಜ್ವರವಿಲ್ಲದ ಹೊತ್ತು ನೋಡಿ ಹೋದೆ. ಸಿದ್ದಜ್ಜಿ ಹೊಸಿಲ ಬಳಿ ಅವರೆಕಾಯಿ ಬಿಡಿಸುತ್ತಿದ್ದಳು.

"ಗೌರಕ್ಕ, ಅವತ್ತು ಬೆಳ್ಳಿ ಪರೀಕ್ಷೇಲಿ ನನಗೆ ಅನುಮಾನ ಬಂದಿತ್ತು. ಸಾಹೇಬರು ಇಲ್ಲ ಅಂದ್ರು. ನಾನೂ ಇಲ್ಲ ಅಂದುಬಿಟ್ಟೆ. ಬೆಳ್ಳಿಗೆ ರೋಗ ಇದೆ. ನಿಮ್ಮ ಜ್ವರಾನೂ ಅದೇ ಇರಬೇಕು."

ಗೌರಕ್ಕ ಹೊದಿಕೆ ಸರಿಸಿ ಎದ್ದು ಕೂತಳು. "ಸೊಲ್ಲು ಕೊಟ್ಟೆ ಅನ್ನು" ಎಂದಳು.

"ಹೂಂ."

"ಆರು ತಿಂಗ್ಳು ಕಣೇ. ಆರು ತಿಂಗ್ಳು ಸಾಯ್ತಾ ಇದೀನಿ." ಅವಳು ಗೋಡೆಯ ಕಡೆ ತಿರುಗಿದಳು. "ಈಗ ಹೋಗು. ನನ್ ಕಣ್ಮುಂದೆ ಇರ್ಬ್ಯಾಡ."

ಎದ್ದು ಬಂದೆ. ಮನೆಗೆ ಬಂದು ಹಿತ್ತಲ ಕಲ್ಲಿನ ಮೇಲೆ ಕೂತೆ. ಕೆಲಸ ಬಿಟ್ಟುಬಿಡುತ್ತೇನೆ ಎಂದು ನಮ್ಮವರಿಗೆ ಹೇಳಿದೆ. ಹಾಡನ್ನೂ ಬಿಡುತ್ತೇನೆ ಎಂದೆ. ಅವರು ಬಕೆಟ್ಟಿಗೆ ನೀರು ಸೇದುತ್ತಾ, "ಲೆಕ್ಕ ತಪ್ಪಿದ ಹುಡುಗನ ಸ್ಲೇಟು ಒಡೆದು ಹಾಕಿದರೆ ಲೆಕ್ಕ ಸರಿಹೋಗಲ್ಲ" ಎಂದರು. ಆಗ ಅವರ ಮೇಲೂ ಕೋಪ ಬಂತು. ಮಾರನೇ ಬೆಳಿಗ್ಗೆ ಗಾಡಿಗೆ ಹೊರಟಾಗ ಸಿದ್ದಜ್ಜಿ ನಮ್ಮ ಬಾಗಿಲಲ್ಲಿ ನಿಂತಿದ್ದಳು. "ಯಾವ ಡಾಕ್ಟ್ರು, ಎಲ್ಲಿ, ಬರ್ಕೊಡು ಅಂದ್ಲು ನಮ್ ಗೌರಿ. ನಿನ್ ಮ್ಯಾಲೆ ಸಿಟ್ಟೈತೆ, ಆದ್ರೆ ಬರ್ಕೊಡ್ಬೇಕಂತೆ."

ಶಿವಮೊಗ್ಗದ ಡಾಕ್ಟರೊಬ್ಬರಿಗೆ ಎರಡು ಪುಟ ಬರೆದುಕೊಟ್ಟೆ. ಅವರು ಗೌರಕ್ಕನ ರಕ್ತ ನೋಡಿಸಿ ಹೌದು ಎಂದರು. ಮಾತ್ರೆ, ಸೂಜಿ, ವಾರಗಟ್ಟಲೆ. ಮಧ್ಯೆ ಬಿಡುವಂತಿಲ್ಲ. ಬಿಟ್ಟರೆ ಮರುಕಳಿಸುತ್ತದೆ, ಬಿಡದಿದ್ದರೆ ಗುಣವಾಗುತ್ತದೆ ಎಂದರು. ದನಿಯ ಬಗ್ಗೆ ಕೇಳಿದ್ದಕ್ಕೆ, "ಮೊದಲು ಮೈ ಬರಲಿ ತಾಯಿ" ಎಂದಷ್ಟೇ ಹೇಳಿದರು.

ಗುಡಿಯ ಹಾಲಿನ ವಿಷಯ ಇನ್ನೂ ಉಳಿದಿತ್ತು. ಬೆಳ್ಳಿಯನ್ನು ಬೇರೆ ಕಟ್ಟಿದರು, ಆದರೆ ಇನ್ನೊಬ್ಬರ ಮನೆಯ ಹಸಿ ಹಾಲು ಬಂತು. ಸೋಮವಾರ ಪಡಸಾಲೆಯಲ್ಲಿ ನಿಂತು, ಇನ್ನು ಮೇಲೆ ಹಾಲು ಕಾಯಿಸದೆ ಯಾರೂ ಕುಡಿಯಬಾರದು ಎಂದೆ. ಮೇಳದಲ್ಲಿ ನಾನು ಎದ್ದು ನಿಂತು ಮಾತಾಡಿದ್ದು ಅದೇ ಮೊದಲು.

"ಕಾಯ್ಸಿದ್ ಹಾಲು ಅಭಿಷೇಕಕ್ಕೆ ಬರಲ್ಲ" ಎಂದಳೊಬ್ಬಳು.

"ಓದಿದೋಳು, ದೇವ್ರಿಗೇ ತಪ್ಪು ಹಿಡೀತಾಳೆ" ಎಂದಳು ಇನ್ನೊಬ್ಬಳು. "ಗೌರಕ್ಕನ್ನ ಈ ಸ್ಥಿತಿಗೆ ತಂದೋಳೂ ಇವ್ಳೇಯ."

ಕಂಬಕ್ಕೆ ಒರಗಿ ಕೂತಿದ್ದ ಸಿದ್ದಜ್ಜಿ ಎಲೆ ಅಡಿಕೆಯನ್ನು ದವಡೆಗೆ ಒತ್ತರಿಸಿಕೊಂಡಳು. "ಶಿವನಿಗೆ ಹಸಿ ಹಾಲೇ ಹಾಕ್ರೇ, ಅವ್ನಿಗೆ ಜ್ವರ ಬರಾಕಿಲ್ಲ. ನಿಮ್ಗೆ ಬತ್ತದೆ, ನೀವು ಕಾಯ್ಸ್ಕಂಡ್ ಕುಡೀರಿ. ವಿಷ ಕುಡಿದ್ರೂ ಬದುಕ್ದೋನ ಜತೆ ನಿಮ್ದೇನು ಪೈಪೋಟಿ?"

ಮೊದಲು ಒಬ್ಬಳು ನಕ್ಕಳು, ಆಮೇಲೆ ಎಲ್ಲರೂ. ಇಷ್ಟು ವರ್ಷದ ನನ್ನ ಬೋರ್ಡಿನಿಂದ ಆಗದ್ದು ಆ ಮುದುಕಿಯ ಎರಡು ಮಾತಿನಿಂದ ಆಯಿತು. ಅಂದಿನಿಂದ ಗುಡಿಯ ಹಿಂದೆ ಮೂರು ಕಲ್ಲಿನ ಒಲೆ ಬಂತು. ಲಿಂಗಕ್ಕೆ ಒಂದು ಚೊಂಬು ಹಸಿಯದು, ನಮಗೆ ಒಂದು ತಪ್ಪಲೆ ಕಾಯಿಸಿದ್ದು. ಅದಕ್ಕೆ ಏಲಕ್ಕಿ ಹಾಕುವ ರೂಢಿಯನ್ನೂ ಯಾರೋ ತಂದರು. ಎರಡು ವಾರ ಬಿಟ್ಟು ಹೆಂಗಸರು ತಮ್ಮ ತಮ್ಮ ಮನೆಯ ಹಾಲನ್ನು ಬಾಟಲಿಯಲ್ಲಿ ತಂದು ನನ್ನ ಮುಂದೆ ಇಟ್ಟರು. ನನ್ನನ್ನು ಬೈದವಳದೂ ಅದರಲ್ಲಿತ್ತು. ಮನೆಯ ಯಜಮಾನಿಯ ಹೆಸರು ಬರೆದು ಚೀಲಕ್ಕೆ ತುಂಬಿಕೊಂಡು ಮಂಗಳವಾರದ ಗಾಡಿ ಹತ್ತಿದೆ. ಬೀರೂರಿನಲ್ಲಿ ಹತ್ತಿದ ಟಿಕೆಟ್ ಕಲೆಕ್ಟರು ನನ್ನನ್ನು ಓಡಾಡುವ ಹಾಲಿನ ಡೇರಿ ಎಂದು ತಮಾಷೆ ಮಾಡಿದ.

ಗೌರಕ್ಕ ನನ್ನ ಜೊತೆ ಮಾತಾಡಲು ತಿಂಗಳಾಯಿತು. ಮೊದಲ ಮಾತು, "ಮಾತ್ರೆ ಕಹಿ ಕಣೇ" ಎಂಬುದು. ನನಗೆ ಅಷ್ಟು ಸಾಕಾಗಿತ್ತು. ನಿಧಾನವಾಗಿ ಸಂಜೆಯ ಬೆವರು ನಿಂತಿತು. ಊಟ ಸೇರಿತು. ಆದರೆ ಹಾಡು ಎಂದರೆ ಕೈ ಆಡಿಸಿಬಿಡುತ್ತಿದ್ದಳು. ಮೇಳದಲ್ಲಿ ಅವಳ ಜಾಗದಲ್ಲಿ ಯಾರೂ ಕೂರಲಿಲ್ಲ. ಸರದಿಯ ಮೇಲೆ ಯಾರಾದರೂ ಎತ್ತುತ್ತಿದ್ದರು, ನಾವು ತಗ್ಗು ದನಿಯಲ್ಲಿ ಸೊಲ್ಲು ಕೊಡುತ್ತಿದ್ದೆವು. ಎರಡು ಪದಕ್ಕೆ ಮುಗಿಸಿ ಏಲಕ್ಕಿ ಹಾಲು ಕುಡಿದು ಏಳುತ್ತಿದ್ದೆವು. ಅವಳ ದನಿ ತಿರುಗಿ ಬರದಿದ್ದರೆ ನಾನು ಉಳಿದ ಜೀವಮಾನವೆಲ್ಲ ಆ ಖಾಲಿ ಜಾಗವನ್ನು ನೋಡುತ್ತಾ ಹಾಡಬೇಕಲ್ಲ ಎಂದುಕೊಳ್ಳುತ್ತಿದ್ದೆ.

ಕಾರ್ತಿಕದ ಒಂದು ಸೋಮವಾರ. ಗಾಡಿ ಸರಿಯಾದ ಹೊತ್ತಿಗೆ ಬಂದಿತ್ತು, ನಡೆದೇ ಹೋದೆ. ಮೊದಲ ಪದ ಅರ್ಧಕ್ಕೆ ಬಂದಿದ್ದಾಗ ಗೌರಕ್ಕ ಅತ್ತೆಯ ಹೆಗಲು ಹಿಡಿದು ಮೆಟ್ಟಿಲು ಹತ್ತಿ ಬಂದಳು. ತನ್ನ ಜಾಗದಲ್ಲಿ ಕೂತಳು. ಪದ ಅಲ್ಲಿಗೇ ನಿಂತಿತು. ಅವಳು ತಾಳ ಕೈಗೆ ತೆಗೆದುಕೊಂಡಳು, ಕೆಳಗಿಟ್ಟಳು, ಸೆರಗಿನಿಂದ ಬಾಯೊರೆಸಿಕೊಂಡಳು. ಅವಳಿಗೆ ಅನುಕೂಲವಾಗಲಿ ಎಂದು ನಾವೆಲ್ಲ ಇನ್ನಷ್ಟು ತಗ್ಗು ದನಿಗೆ ಸಿದ್ಧವಾಗಿ ಕೂತೆವು. ನಾನಂತೂ ಅವಳ ಮುಖ ನೋಡಲಾರದೆ ನೆಲ ನೋಡುತ್ತಿದ್ದೆ.

ಅವಳು ಎತ್ತಿದಳು. ಸ್ವಲ್ಪ ಒರಟಾಗಿತ್ತು, ಆದರೆ ಮೇಲಿತ್ತು. ಜ್ವರಕ್ಕೆ ಮೊದಲು ಎಲ್ಲಿ ಎತ್ತುತ್ತಿದ್ದಳೋ ಅದಕ್ಕಿಂತ ಒಂದು ಕೂದಲೂ ಕೆಳಗಿರಲಿಲ್ಲ. ತಿಂಗಳುಗಟ್ಟಲೆ ಗೊಣಗಿ ರೂಢಿಯಾದ ನಮ್ಮ ಗಂಟಲು ಅಲ್ಲಿಗೆ ಏರಲೇ ಇಲ್ಲ. ಒಬ್ಬಳದು ಕೀರಲಾಯಿತು, ಒಬ್ಬಳು ಕೆಮ್ಮಿದಳು, ನನ್ನದು ಅಳುವಿನಲ್ಲಿ ಮುಳುಗಿಹೋಯಿತು. ಸೊಲ್ಲು ಚೆಲ್ಲಾಪಿಲ್ಲಿಯಾಯಿತು.

ಗೌರಕ್ಕ ತಾಳ ನಿಲ್ಲಿಸಿ ನಮ್ಮನ್ನೆಲ್ಲ ಒಂದು ಸುತ್ತು ನೋಡಿದಳು.

"ಏನ್ರೇ, ಜ್ವರ ಬಂದಿದ್ದು ನಂಗೋ ನಿಮ್ಗೋ?"